ಈ ಗಾಡಿ ಯಾರದು?

2017ರ ಸೆಪ್ಟೆಂಬರ್‌ನಲ್ಲಿ ಇರ್ಮಾ ಚಂಡಮಾರುತ ಅಮೆರಿಕದ ಫ್ಲಾರಿಡಾ ರಾಜ್ಯದತ್ತ ಬರುತ್ತಿದ್ದಾಗ ಲಕ್ಷಾಂತರ ಜನ ಮನೆ ಬಿಟ್ಟು ಉತ್ತರದ ಕಡೆ ಹೊರಟರು. ಆ ವಾಹನಗಳ ಸಾಲಿನಲ್ಲಿ ಟೆಸ್ಲಾ ಕಂಪನಿಯ ವಿದ್ಯುತ್ ಕಾರುಗಳೂ ಇದ್ದವು. ಅವುಗಳಲ್ಲಿ ಕೆಲವಕ್ಕೆ ಕೂರಿಸಿದ್ದು 75 ಕಿಲೋವ್ಯಾಟ್ ಅವರ್ ಬ್ಯಾಟರಿ, ಮಾರಿದ್ದು ಮಾತ್ರ 60ರ ಲೆಕ್ಕದಲ್ಲಿ. ಉಳಿದ ಭಾಗಕ್ಕೆ ಸಾಫ್ಟ್‌ವೇರ್ ಬೀಗ ಹಾಕಿತ್ತು. ಹೆಚ್ಚಿನ ದುಡ್ಡು ಕೊಟ್ಟವರಿಗೆ ಅದು ತೆರೆಯುತ್ತಿತ್ತು. ಬಿರುಗಾಳಿಯಿಂದ ಪಾರಾಗುವವರಿಗೆ ಅನುಕೂಲವಾಗಲೆಂದು ಕಂಪನಿ ದೂರದಿಂದಲೇ ಆ ಬೀಗವನ್ನು ಕೆಲವು ದಿನಗಳ ಮಟ್ಟಿಗೆ ತೆಗೆಯಿತು. ಕಾರುಗಳು ಇನ್ನಷ್ಟು ದೂರ ಓಡಿದವು. ಗಂಡಾಂತರ ಕಳೆದ ಮೇಲೆ ಬೀಗ ಮತ್ತೆ ಬಿತ್ತು.

ಸಕಾಲಕ್ಕೆ ಆದ ಉಪಕಾರ ಅದು, ಅದರಲ್ಲಿ ಎರಡು ಮಾತಿಲ್ಲ. ಆದರೆ ಆ ಬ್ಯಾಟರಿ ಇದ್ದದ್ದು ಮಾಲೀಕನ ಮನೆಯಂಗಳದಲ್ಲಿ. ಅದರ ಪೂರ್ತಿ ಭಾರವನ್ನು ಅವನ ಕಾರೇ ದಿನವೂ ಹೊತ್ತು ತಿರುಗುತ್ತಿತ್ತು. ಹಾಗಿದ್ದರೆ ಕಂಪನಿ ಮಾಡಿದ್ದು ದಾನವೇ? ಅಥವಾ ಅವನದನ್ನೇ ಅವನಿಗೆ ನಾಲ್ಕು ದಿನ ಬಿಟ್ಟುಕೊಟ್ಟಿದ್ದೇ? ಇದು ಗ್ರಾಹಕ ನ್ಯಾಯಾಲಯದಲ್ಲಿ ಮುಗಿಯುವ ತಕರಾರಲ್ಲ. ಒಂದು ವಸ್ತು ‘ನನ್ನದು’ ಆಗುವುದು ಯಾವುದರಿಂದ ಎಂದು ಧರ್ಮಶಾಸ್ತ್ರಕಾರರೂ ತತ್ತ್ವಜ್ಞಾನಿಗಳೂ ಬಹು ಕಾಲದಿಂದ ಚರ್ಚಿಸಿಕೊಂಡು ಬಂದ ಪ್ರಶ್ನೆ. ಇವತ್ತು ಅದು ಅತಿ ಮೊನಚಾಗಿ ಎದುರಾಗುತ್ತಿರುವುದು ಅಮೆರಿಕದ ವಿದ್ಯುತ್ ಪಿಕಪ್ ಟ್ರಕ್ಕುಗಳ ಮಾಲೀಕರಿಗೆ.

ಅದಕ್ಕೆ ಕಾರಣವಿದೆ. ಅಮೆರಿಕದವರು ಪಿಕಪ್ಪನ್ನು ‘ನನ್ನದು’ ಮಾಡಿಕೊಳ್ಳುವಷ್ಟು ಬೇರೆ ಯಾವ ವಾಹನವನ್ನೂ ಮಾಡಿಕೊಳ್ಳುವುದಿಲ್ಲ. ಫೋರ್ಡ್ ಕಂಪನಿಯ ಎಫ್ ಸರಣಿಯ ಪಿಕಪ್‌ಗಳು 1977ರಿಂದ ಆ ದೇಶದಲ್ಲಿ ಅತಿ ಹೆಚ್ಚು ಮಾರಾಟವಾಗುವ ಟ್ರಕ್ಕುಗಳು. ರೈತ, ಬಡಗಿ, ಪ್ಲಂಬರ್, ವಾರಾಂತ್ಯಕ್ಕೆ ಕಾಡಿಗೆ ಹೋಗುವ ಇಂಜಿನಿಯರ್, ಎಲ್ಲರಿಗೂ ಅದು ಬೇಕು. ಕಾರ್ಖಾನೆಯಿಂದ ಬಂದ ಹಾಗೇ ಅದನ್ನು ಇಟ್ಟುಕೊಳ್ಳುವವರು ಕಡಿಮೆ. ಹಿಂದಿನ ತೆರೆದ ಬಾಡಿಯೊಳಗೆ ರಬ್ಬರಿನ ಹಾಸು ಹಾಕುತ್ತಾರೆ, ಮೇಲೆ ಮಡಚುವ ಮುಚ್ಚಳ ಕೂರಿಸುತ್ತಾರೆ, ಏಣಿ ಕಟ್ಟಲು ಕಬ್ಬಿಣದ ಚೌಕಟ್ಟು ಹಾಕಿಸುತ್ತಾರೆ, ದಪ್ಪ ಟೈರ್ ಬದಲಿಸುತ್ತಾರೆ. ಹೀಗೆ ಮಾಡುತ್ತಾ ಮಾಡುತ್ತಾ ಗಾಡಿ ಮಾಲೀಕನ ಕಸುಬನ್ನೂ ಸ್ವಭಾವವನ್ನೂ ಮೈಮೇಲೆ ಹೊತ್ತುಕೊಳ್ಳುತ್ತದೆ.

ವಿದ್ಯುತ್ ಪಿಕಪ್‌ಗಳು ಈ ಲೋಕಕ್ಕೆ ಬಂದು ಕೆಲವೇ ವರ್ಷಗಳಾದವು. 2021ರ ಸೆಪ್ಟೆಂಬರ್‌ನಲ್ಲಿ ಇಲಿನಾಯ್ ರಾಜ್ಯದ ನಾರ್ಮಲ್ ಪಟ್ಟಣದ ಕಾರ್ಖಾನೆಯಿಂದ ರಿವಿಯನ್ ಆರ್1ಟಿ ಹೊರಬಂತು. ಅದೇ ವರ್ಷದ ಕೊನೆಗೆ ಜಿಎಂಸಿಯ ಹಮ್ಮರ್ ಇವಿ ಬಂತು. 2022ರ ಏಪ್ರಿಲ್‌ನಲ್ಲಿ ಮಿಷಿಗನ್‌ನ ಡಿಯರ್‌ಬಾರ್ನ್‌ನಲ್ಲಿ ಫೋರ್ಡ್ ಎಫ್-150 ಲೈಟ್ನಿಂಗ್ ತಯಾರಿಕೆ ಶುರುವಾಯಿತು. 2023ರ ನವೆಂಬರ್ ಕೊನೆಯಲ್ಲಿ ಟೆಕ್ಸಸ್‌ನ ಆಸ್ಟಿನ್‌ನಲ್ಲಿ ಟೆಸ್ಲಾದ ಸೈಬರ್‌ಟ್ರಕ್ ಗ್ರಾಹಕರ ಕೈ ಸೇರಿತು.

ಇವುಗಳ ಜೊತೆಗಿನ ದಿನಚರಿ ಹೊಸ ಲೆಕ್ಕಾಚಾರಗಳನ್ನು ಕಲಿಸುತ್ತದೆ. 131 ಕಿಲೋವ್ಯಾಟ್ ಅವರ್ ಬ್ಯಾಟರಿಯ ಲೈಟ್ನಿಂಗ್ ಸರ್ಕಾರಿ ಅಳತೆಯ ಪ್ರಕಾರ 320 ಮೈಲಿ, ಅಂದರೆ ಸುಮಾರು 515 ಕಿಲೋಮೀಟರ್ ಓಡಬಲ್ಲದು. ಹಿಂದೆ ಎತ್ತರದ ಟ್ರೈಲರ್ ಕಟ್ಟಿದರೆ ಆ ದೂರ ಹೆಚ್ಚುಕಡಿಮೆ ಅರ್ಧಕ್ಕಿಳಿಯುತ್ತದೆ. ಬ್ಯಾಟರಿಯನ್ನು ತಿನ್ನುವುದು ತೂಕಕ್ಕಿಂತ ಹೆಚ್ಚಾಗಿ ಎದುರುಗಾಳಿ. ಕಾಡುದಾರಿಯ ಒರಟು ಟೈರ್ ಹಾಕಿದರೆ ಶೇ 10ರಿಂದ 15ರಷ್ಟು ದೂರ ಕಡಿಮೆಯಾಗುತ್ತದೆ ಎಂದು ರಿವಿಯನ್ ಆರಂಭದಲ್ಲೇ ಹೇಳಿತ್ತು. ಬಹುತೇಕ ಚಾರ್ಜಿಂಗ್ ಕೇಂದ್ರಗಳನ್ನು ಕಟ್ಟಿದವರು ಕಾರನ್ನು ಮಾತ್ರ ನೆನೆದು ಕಟ್ಟಿದ್ದಾರೆ. ಟ್ರೈಲರ್ ಎಳೆದು ತಂದವನು ಮೊದಲು ಅದನ್ನು ಬಿಚ್ಚಿ ಪಕ್ಕಕ್ಕೆ ನಿಲ್ಲಿಸಿ, ಆಮೇಲೆ ಗಾಡಿಯನ್ನು ಚಾರ್ಜರ್ ಮುಂದೆ ತರಬೇಕು. ಎಂಜಿನ್ ಇದ್ದ ಜಾಗ ಈಗ ಖಾಲಿ ಪೆಟ್ಟಿಗೆ. ಲೈಟ್ನಿಂಗ್‌ನಲ್ಲಿ ಅದು 400 ಲೀಟರ್ ಹಿಡಿಯುತ್ತದೆ, ತಳದಲ್ಲಿ ನೀರು ಹೋಗುವ ತೂತೂ ಇದೆ. ಹಾಗಾಗಿ ಅದರಲ್ಲಿ ಐಸ್ ಸುರಿದು ತಂಪು ಪಾನೀಯ ಇಡುವವರಿದ್ದಾರೆ.

ಒಬ್ಬ ಮಾಲೀಕ ಲೈಟ್ನಿಂಗ್‌ನ ಬಾಡಿಯ ಮೇಲೆ ಚೌಕಟ್ಟು ಕೂರಿಸುವ ಕೆಲಸವನ್ನು ಹತ್ತಿರದಿಂದ ನೋಡಬೇಕು. ಈ ಗಾಡಿಯ ಮೈ ಅಲ್ಯೂಮಿನಿಯಂ. ಅದಕ್ಕೆ ಬರಿಯ ಉಕ್ಕಿನ ಬೋಲ್ಟ್ ಬಿಗಿದರೆ, ಎರಡು ಲೋಹಗಳ ನಡುವೆ ಉಪ್ಪುನೀರು ಸೇರಿದಾಗ ಅಲ್ಯೂಮಿನಿಯಂ ನಿಧಾನವಾಗಿ ಕೊರೆದುಹೋಗುತ್ತದೆ. ಚಳಿಗಾಲದಲ್ಲಿ ಹಿಮ ಕರಗಿಸಲು ರಸ್ತೆಗೆ ಉಪ್ಪು ಚೆಲ್ಲುವ ಊರುಗಳಲ್ಲಿ ಇದು ಬೇಗ ಆಗುತ್ತದೆ. ಆದ್ದರಿಂದ ಬೋಲ್ಟಿನ ತಲೆಯಡಿ ನೈಲಾನ್ ವಾಷರ್ ಇಡಬೇಕು, ಇಲ್ಲವೇ ಲೇಪನವಿರುವ ಬೋಲ್ಟನ್ನೇ ತರಬೇಕು. ತೂತು ಕೊರೆಯುವ ಮೊದಲು ಟಾರ್ಚ್ ಹಿಡಿದು ಗಾಡಿಯ ಅಡಿ ಮಲಗಿ ನೋಡಬೇಕು. ಅಲ್ಲಿ ಬ್ಯಾಟರಿಯಿಂದ ಮೋಟಾರಿನ ಕಡೆಗೆ ಕಿತ್ತಳೆ ಬಣ್ಣದ ದಪ್ಪ ಕೇಬಲ್‌ಗಳು ಹಾದುಹೋಗಿರುತ್ತವೆ. ನೂರಾರು ವೋಲ್ಟ್ ಹರಿಯುವ ದಾರಿ ಅದು ಎಂದು ವಾಹನ ಉದ್ಯಮ ಒಪ್ಪಿಕೊಂಡಿರುವ ಬಣ್ಣ. ಬಲ್ಲವನು ಅಲ್ಲಿ ಕೈ ಹಿಂದೆ ತೆಗೆಯುತ್ತಾನೆ, ತೂತಿನ ಜಾಗವನ್ನು ಒಂದು ಗೇಣು ಆಚೆಗೆ ಗುರುತು ಮಾಡುತ್ತಾನೆ.

ಆ ಕಿತ್ತಳೆ ಬಣ್ಣ ಒಂದು ಗಡಿ. ಅದು ಯಾವುದನ್ನೂ ಮುಚ್ಚಿಡುವುದಿಲ್ಲ. ಇಲ್ಲಿ ಪ್ರಾಣಾಪಾಯವಿದೆ, ಕಲಿತು ಬಾ ಎಂದು ತಿಳಿಸುತ್ತದೆ. ಕಲಿತವನಿಗೆ, ಸರಿಯಾದ ಕೈಗವಸು ಹಾಕಿಕೊಂಡು ವಿದ್ಯುತ್ ಕಡಿತ ಮಾಡುವ ಕ್ರಮ ಬಲ್ಲವನಿಗೆ ಅಲ್ಲೂ ಕೆಲಸವಿದೆ. ಇಂಥ ಗಡಿಯನ್ನು ಗೌರವಿಸುವುದರಿಂದ ಒಡೆತನಕ್ಕೆ ಕುಂದು ಬರುವುದಿಲ್ಲ.

ಇದೇ ಗಾಡಿಯಲ್ಲಿ ಇನ್ನೊಂದು ಗಡಿಯೂ ಇದೆ. ಅದಕ್ಕೆ ಬಣ್ಣವಿಲ್ಲ. ರಿವಿಯನ್‌ನ ಎರಡು ಮೋಟಾರಿನ ಪಿಕಪ್ಪಿಗೆ ಹೆಚ್ಚಿನ ವೇಗೋತ್ಕರ್ಷ ಬೇಕಿದ್ದರೆ 5,000 ಡಾಲರ್ ಕಟ್ಟಿ ಸಾಫ್ಟ್‌ವೇರ್ ತೆರೆಸಿಕೊಳ್ಳುವ ಏರ್ಪಾಡು ಬಂತು. ಮೋಟಾರು ಅದೇ, ಬದಲಾಗುವುದು ಅಪ್ಪಣೆ. 2023ರ ನವೆಂಬರ್‌ನಲ್ಲಿ ಅದೇ ಕಂಪನಿ ಗಾಳಿಯಲ್ಲಿ ಕಳಿಸಿದ ಒಂದು ಸಾಫ್ಟ್‌ವೇರ್ ಪರಿಷ್ಕರಣೆಗೆ ತಪ್ಪು ಭದ್ರತಾ ಪ್ರಮಾಣಪತ್ರ ಸೇರಿಹೋಗಿ, ಹಲವು ಗಾಡಿಗಳ ಪರದೆಗಳು ಕಪ್ಪಾದವು. ಕಂಪನಿ ತಪ್ಪನ್ನು ಬಹಿರಂಗವಾಗಿ ಒಪ್ಪಿಕೊಂಡಿತು, ಸರಿಪಡಿಸಿತು. ಆದರೂ ಮಾಲೀಕ ಮುಟ್ಟದೆ, ಕೇಳದೆ, ಮಲಗಿದ್ದಾಗ ಅವನ ಗಾಡಿ ಬೇರೆಯದೇ ಆಗಬಲ್ಲದು ಎಂಬುದು ಎಲ್ಲರಿಗೂ ಗೊತ್ತಾಯಿತು. ಅದೇ ವರ್ಷ ಫೆಬ್ರವರಿಯಲ್ಲಿ ಫೋರ್ಡ್‌ನ ಒಂದು ಪೇಟೆಂಟ್ ಅರ್ಜಿ ಪ್ರಕಟವಾಯಿತು: ಸಾಲದ ಕಂತು ಕಟ್ಟದವನ ವಾಹನದ ಸೌಲಭ್ಯಗಳನ್ನು ಒಂದೊಂದಾಗಿ ನಿಲ್ಲಿಸುವ, ಕೊನೆಗೆ ವಾಹನ ತಾನಾಗಿಯೇ ಹೊರಟುಹೋಗುವ ವ್ಯವಸ್ಥೆ. ಅದನ್ನು ಬಳಸುವ ಯೋಜನೆ ಇಲ್ಲವೆಂದು ಫೋರ್ಡ್ ಸ್ಪಷ್ಟಪಡಿಸಿತು. ನವೆಂಬರ್‌ನಲ್ಲಿ ಸೈಬರ್‌ಟ್ರಕ್ಕಿನ ಮಾರಾಟ ಕರಾರಿನಲ್ಲಿ ಒಂದು ಷರತ್ತು ಕಾಣಿಸಿಕೊಂಡಿತು: ಮೊದಲ ವರ್ಷದಲ್ಲಿ ಕಂಪನಿಯ ಒಪ್ಪಿಗೆಯಿಲ್ಲದೆ ಮಾರಿದರೆ ಕನಿಷ್ಠ 50,000 ಡಾಲರ್ ದಂಡ. ಸುದ್ದಿಯಾದ ಮೇಲೆ ಅದನ್ನು ತೆಗೆದರು. ಆರಂಭದ ಕೆಲವು ಖರೀದಿದಾರರ ಕರಾರಿನಲ್ಲಿ ಅದು ಮತ್ತೆ ಬಂತೆಂಬ ವರದಿಗಳಿದ್ದವು.

ಈ ಎರಡನೆಯ ಗಡಿಯ ಹಿಂದೆ ಒಂದು ಸಿದ್ಧಾಂತವೇ ಇದೆ. ಅದು ನೇರವಾಗಿ ಹೊರಬಿದ್ದದ್ದು ಟ್ರ್ಯಾಕ್ಟರಿನ ವಿಷಯದಲ್ಲಿ. ಅಮೆರಿಕದ ಕೃತಿಸ್ವಾಮ್ಯ ಕಚೇರಿ ವಾಹನಗಳ ಸಾಫ್ಟ್‌ವೇರ್ ಬೀಗದ ಬಗ್ಗೆ ಅಭಿಪ್ರಾಯ ಕೇಳಿದಾಗ ಜಾನ್ ಡಿಯರ್ ಕಂಪನಿ ತನ್ನ ಉತ್ತರ ಸಲ್ಲಿಸಿತು. 2015ರಲ್ಲಿ ದೊಡ್ಡ ಸುದ್ದಿಯಾದ ಆ ವಾದದ ಸಾರ ಇಷ್ಟು: ಯಂತ್ರ ಕೊಂಡವನಿಗೆ ಸಾಫ್ಟ್‌ವೇರಿನ ಒಡೆತನ ಬರುವುದಿಲ್ಲ, ಯಂತ್ರ ಬಾಳುವಷ್ಟು ಕಾಲ ಅದನ್ನು ಓಡಿಸುವ ಪರವಾನಗಿ ಮಾತ್ರ ಇರುತ್ತದೆ. ಅದೇ ವರ್ಷ ಅಕ್ಟೋಬರ್‌ನಲ್ಲಿ ಆ ಕಚೇರಿಯ ಮಾತೃಸಂಸ್ಥೆಯಾದ ಲೈಬ್ರರಿ ಆಫ್ ಕಾಂಗ್ರೆಸ್ ಬೇರೆ ನಿರ್ಧಾರಕ್ಕೆ ಬಂತು. ದೋಷ ಪತ್ತೆಗೆ, ರಿಪೇರಿಗೆ, ಕಾನೂನು ಒಪ್ಪುವ ಮಾರ್ಪಾಡಿಗೆ ಮಾಲೀಕ ಆ ಬೀಗ ತೆಗೆಯಬಹುದೆಂದು ವಿನಾಯಿತಿ ಕೊಟ್ಟಿತು. ವಿನಾಯಿತಿ ಸಿಕ್ಕಿತು ನಿಜ. ಆದರೆ ಒಡೆತನ ಎಲ್ಲಿಂದ ಹುಟ್ಟುತ್ತದೆ ಎಂಬ ಮೂಲ ಪ್ರಶ್ನೆ ಹಾಗೇ ಉಳಿಯಿತು. ಅದು ಬರವಣಿಗೆಯಿಂದ ಹುಟ್ಟುತ್ತದೆಯೇ, ಬದುಕಿನಿಂದ ಹುಟ್ಟುತ್ತದೆಯೇ?

ಈ ಪ್ರಶ್ನೆಯನ್ನು ಹೆಚ್ಚುಕಡಿಮೆ ಇದೇ ರೂಪದಲ್ಲಿ ಎತ್ತಿಕೊಂಡವನು ಕನ್ನಡ ನೆಲದವನು. ಕಲ್ಯಾಣದ ಚಾಲುಕ್ಯ ದೊರೆ ಆರನೆಯ ವಿಕ್ರಮಾದಿತ್ಯನ ಕಾಲದಲ್ಲಿ, ಇಂದಿನ ಬಸವಕಲ್ಯಾಣದಲ್ಲಿ, ವಿಜ್ಞಾನೇಶ್ವರ ಯಾಜ್ಞವಲ್ಕ್ಯ ಸ್ಮೃತಿಗೆ ‘ಮಿತಾಕ್ಷರ’ ಎಂಬ ವ್ಯಾಖ್ಯಾನ ಬರೆದ. ಕಲಬುರಗಿ ಸೀಮೆಯ ಮರತೂರು ಅವನ ಊರೆಂದು ಹೇಳುತ್ತಾರೆ. ಬಂಗಾಳವನ್ನು ಬಿಟ್ಟು ಭಾರತದ ಬಹುಭಾಗದಲ್ಲಿ ಹಿಂದೂ ಕುಟುಂಬಗಳ ಆಸ್ತಿ ವ್ಯವಹಾರ ಶತಮಾನಗಳ ಕಾಲ ನಡೆದದ್ದು ಈ ಗ್ರಂಥದ ಆಧಾರದ ಮೇಲೆ. ಆಸ್ತಿ ಹಂಚಿಕೆಯ ಭಾಗಕ್ಕೆ ಬರುತ್ತಲೇ ಅವನು ಒಂದು ಮೂಲಭೂತ ಸಂದೇಹವನ್ನು ಮುಂದಿಡುತ್ತಾನೆ. ಸ್ವತ್ವ, ಅಂದರೆ ಒಡೆತನ, ಶಾಸ್ತ್ರ ಹೇಳಿದ್ದರಿಂದ ಮಾತ್ರ ಉಂಟಾಗುವಂಥದ್ದೇ? ಇಲ್ಲವೇ ಲೋಕದ ನಡವಳಿಕೆಯಿಂದಲೇ ಸಿದ್ಧವಾದದ್ದೇ?

ಶಾಸ್ತ್ರದ ಪಕ್ಷದವರ ವಾದ ಬಲವಾಗಿಯೇ ಇತ್ತು. ಯಾವ ಯಾವ ದಾರಿಯಿಂದ ವಸ್ತು ನಮ್ಮದಾಗುತ್ತದೆ ಎಂದು ಪಟ್ಟಿ ಮಾಡಿದ್ದು ಶಾಸ್ತ್ರ. ಶಾಸ್ತ್ರವಿಲ್ಲದಿದ್ದರೆ ಕಳ್ಳನ ಕೈಯಲ್ಲಿದ್ದದ್ದೂ ಅವನದೇ ಆಗಿಬಿಡುವುದಿಲ್ಲವೇ ಎಂದು ಅವರು ಕೇಳಿದರು. ವಿಜ್ಞಾನೇಶ್ವರ ಒಪ್ಪಲಿಲ್ಲ. ಒಡೆತನ ಲೌಕಿಕ ಎಂದು ತೀರ್ಮಾನ ಕೊಟ್ಟ. ಅದಕ್ಕೆ ಅವನು ಕೊಡುವ ಕಾರಣಗಳಲ್ಲಿ ಎರಡು ಇಲ್ಲಿಗೆ ಬಹಳ ಮುಖ್ಯ. ಒಡೆತನದ ವಸ್ತುಗಳಿಂದ ಲೋಕದ ಕೆಲಸಗಳು ನಡೆಯುತ್ತವೆ. ಯಜ್ಞಕ್ಕೆಂದೇ ಸಂಸ್ಕಾರಗೊಂಡ ಅಗ್ನಿಯಂತೆ ಶಾಸ್ತ್ರದ ಬಲದಿಂದಲೇ ನಿಂತ ವಸ್ತುಗಳಲ್ಲ ಅವು. ಎರಡನೆಯದು, ಗಡಿನಾಡಿನಲ್ಲಿ ಶಾಸ್ತ್ರದ ಗಂಧವೇ ಇಲ್ಲದ ಜನರಲ್ಲೂ ಇದು ನನ್ನದು, ಅದು ನಿನ್ನದು ಎಂಬ ವ್ಯವಹಾರವಿದೆ. ಅವರೂ ಕೊಳ್ಳುತ್ತಾರೆ, ಮಾರುತ್ತಾರೆ.

ಇವತ್ತಿನ ಶಾಸ್ತ್ರ ಯಾವುದೆಂದರೆ ಕಂಪನಿಯ ಪರವಾನಗಿ ಕರಾರು. ಪುಟಗಟ್ಟಲೆ ಇರುವ ಅದನ್ನು ಪೂರ್ತಿ ಓದಿ ಒಪ್ಪಿಗೆಯ ಗುಂಡಿ ಒತ್ತುವವರು ವಿರಳ. ಓದದವನೂ ಗಾಡಿ ಕೊಳ್ಳುತ್ತಾನೆ, ಸಾಲ ತೀರಿಸುತ್ತಾನೆ, ವಿಮೆ ಕಟ್ಟುತ್ತಾನೆ, ಅಪಘಾತವಾದರೆ ಕೋರ್ಟಿನಲ್ಲಿ ಉತ್ತರ ಕೊಡುತ್ತಾನೆ, ಮಗನಿಗೆ ಬಿಟ್ಟುಕೊಡುತ್ತಾನೆ. ಒಡೆತನದ ಹೊರೆಯೆಲ್ಲ ಅವನ ಹೆಗಲ ಮೇಲಿದೆ. ವಿಜ್ಞಾನೇಶ್ವರನ ತರ್ಕವನ್ನು ಇಲ್ಲಿಗೆ ತಂದರೆ ಉತ್ತರ ಸ್ಪಷ್ಟ: ಲೋಕ ಯಾವುದನ್ನು ಒಡೆತನವೆಂದು ನಡೆಸಿಕೊಂಡು ಬಂದಿದೆಯೋ ಅದೇ ಒಡೆತನ. ಬರಹ ಅದನ್ನು ಕ್ರಮಪಡಿಸಬಹುದು, ಹುಟ್ಟಿಸಲಾರದು, ಇಲ್ಲವಾಗಿಸಲೂ ಆರದು.

ಮಿತಾಕ್ಷರ ಒಡೆತನಕ್ಕೆ ಕಡಿವಾಣ ಹಾಕದ ಗ್ರಂಥವೇನೂ ಅಲ್ಲ. ಪಿತ್ರಾರ್ಜಿತ ಜಮೀನಿನ ಮೇಲೆ ತಂದೆಗೆ ಒಡೆತನವಿದ್ದರೂ ಮಕ್ಕಳನ್ನು ಕೇಳದೆ ಮನಸ್ಸಿಗೆ ಬಂದಂತೆ ಮಾರುವ ಸ್ವಾತಂತ್ರ್ಯವಿಲ್ಲ ಎನ್ನುತ್ತದೆ. ಅಂದರೆ ಮಿತಿಯುಳ್ಳ ಒಡೆತನವೂ ಒಡೆತನವೇ. ಆದರೆ ಆ ಮಿತಿ ಬಂದದ್ದು ಅದೇ ಜಮೀನಿನಲ್ಲಿ ಬದುಕಬೇಕಾದ ಮಕ್ಕಳ ಹಿತಕ್ಕಾಗಿ. ಮಾರಿ ಹಣ ಎಣಿಸಿಕೊಂಡು ಹೋದವನ ಮುಂದಿನ ಲಾಭಕ್ಕಾಗಿ ಕೊಂಡವನ ಒಡೆತನಕ್ಕೆ ಮಿತಿ ಹಾಕುವುದು ಬೇರೆಯೇ ಸಂಗತಿ.

ಪಶ್ಚಿಮದಲ್ಲಿ 17ನೆಯ ಶತಮಾನದ ಜಾನ್ ಲಾಕ್ ಇನ್ನೊಂದು ದಾರಿ ತೋರಿಸಿದ. ಮನುಷ್ಯ ತನ್ನ ದುಡಿಮೆಯನ್ನು ವಸ್ತುವಿನೊಂದಿಗೆ ಬೆರೆಸಿದಾಗ ಅದು ಅವನದಾಗುತ್ತದೆ ಎಂಬುದು ಅವನ ವಾದ. ಬೋಲ್ಟಿನಡಿ ನೈಲಾನ್ ವಾಷರ್ ಇಟ್ಟವನ, ಮಳೆನೀರು ಒಳಗೆ ಸೇರದಂತೆ ತೂತಿನ ಅಂಚಿಗೆ ಅಂಟು ತುಂಬಿದವನ ಪರವಾಗಿ ಈ ವಾದ ನಿಲ್ಲುತ್ತದೆ. ಆದರೆ ಲಾಕ್‌ನ ದಾರಿಯಲ್ಲಿ ಒಂದು ತೊಡಕಿದೆ. ಸಾಫ್ಟ್‌ವೇರ್ ಬರೆದ ಇಂಜಿನಿಯರುಗಳ ದುಡಿಮೆಯೂ ಆ ಗಾಡಿಯಲ್ಲಿ ಬೆರೆತಿದೆ, ಪ್ರತಿ ಪರಿಷ್ಕರಣೆಯಲ್ಲೂ ಬೆರೆಯುತ್ತಲೇ ಇದೆ. ದುಡಿಮೆ ಒಂದನ್ನೇ ಅಳತೆಗೋಲು ಮಾಡಿಕೊಂಡರೆ ತಕ್ಕಡಿ ಕಂಪನಿಯ ಕಡೆಗೂ ವಾಲಬಹುದು. ಆದ್ದರಿಂದಲೇ ವಿಜ್ಞಾನೇಶ್ವರನ ಲೋಕವ್ಯವಹಾರ ಹೆಚ್ಚು ಗಟ್ಟಿಯಾದ ನೆಲ. ಯಾರ ಬೆವರು ಎಷ್ಟು ಎಂಬುದರ ಜೊತೆಗೆ ಯಾರು ಹೊಣೆ ಹೊತ್ತಿದ್ದಾರೆ ಎಂಬುದನ್ನೂ ಅದು ಕೇಳುತ್ತದೆ.

ಇಷ್ಟಾದರೂ ಧಾರ್ಮಿಕ ಮನಸ್ಸಿನಲ್ಲಿ ಒಂದು ಅಳುಕು ಉಳಿಯುತ್ತದೆ. ‘ನನ್ನದು’ ಎಂಬ ಭಾವವೇ ಬಂಧನವೆಂದು ನಮ್ಮ ಪರಂಪರೆಗಳು ಹೇಳಿಲ್ಲವೇ? ಬೌದ್ಧರ ‘ಮಿಲಿಂದಪನ್ಹ’ದಲ್ಲಿ ಯವನ ದೊರೆ ಮಿಲಿಂದ ರಥದಲ್ಲಿ ಬಂದೆನೆಂದಾಗ ಭಿಕ್ಷು ನಾಗಸೇನ ಅವನನ್ನೇ ಪ್ರಶ್ನಿಸುತ್ತಾನೆ. ಚಕ್ರ ರಥವೇ, ಅಚ್ಚು ರಥವೇ, ನೊಗ ರಥವೇ? ಯಾವುದೂ ಅಲ್ಲ; ಇವೆಲ್ಲ ಕೂಡಿದಾಗ ವ್ಯವಹಾರಕ್ಕಾಗಿ ಇಟ್ಟುಕೊಂಡ ಹೆಸರು ರಥ. ಟೈರ್ ಬದಲಾಗಿ, ಬ್ಯಾಟರಿ ಸವೆದು, ಸಾಫ್ಟ್‌ವೇರ್ ಹತ್ತಾರು ಸಲ ಹೊಸದಾದ ಪಿಕಪ್ಪಿಗೆ ಈ ಮಾತು ಎಷ್ಟು ಚೆನ್ನಾಗಿ ಒಪ್ಪುತ್ತದೆ! ಗಾಡಿಯೇ ಒಂದು ಒಪ್ಪಂದದ ಹೆಸರಾದರೆ ಅದರ ಮೇಲಿನ ‘ನನ್ನದು’ ಇನ್ನೂ ತೆಳುವಾದದ್ದು. ಜೈನರ ಅಪರಿಗ್ರಹವೂ, ಅಂದರೆ ವಸ್ತುಗಳನ್ನು ತನ್ನದೆಂದು ಹಿಡಿದಿಟ್ಟುಕೊಳ್ಳದಿರುವ ವ್ರತವೂ, ಇದೇ ಕಡೆ ಕೈತೋರಿಸುತ್ತದೆ.

ಹಾಗೆಂದು ಮಾಲೀಕ ಸುಮ್ಮನಿರಬೇಕೇ? ಇರಬೇಕಿಲ್ಲ. ನಾಗಸೇನನ ವಿಚಾರಣೆ ಕೊಂಡವನಿಗೂ ಮಾರಿದವನಿಗೂ ಒಂದೇ. ಮಾಲೀಕನ ‘ನನ್ನದು’ ಭ್ರಮೆಯಾದರೆ ಕಂಪನಿಯ ‘ನನ್ನದು’ ಅದಕ್ಕಿಂತ ದೊಡ್ಡ ಭ್ರಮೆ, ಏಕೆಂದರೆ ಅದು ಲಕ್ಷಾಂತರ ಮನೆಗಳ ಅಂಗಳಕ್ಕೆ ಹರಡಿಕೊಂಡಿದೆ. ಅಪರಿಗ್ರಹ ಒಬ್ಬನು ತಿಳಿದು, ಮನಸಾರೆ ತೊಡುವ ವ್ರತ. ಇನ್ನೊಬ್ಬನು ಕಿತ್ತುಕೊಂಡದ್ದನ್ನು ತ್ಯಾಗವೆಂದು ಕರೆಯಲಾಗದು.

ದಾನಕ್ಕೂ ಇದೇ ಮಾತು. ನಮ್ಮ ಶಾಸ್ತ್ರಕಾರರ ಪ್ರಕಾರ ದಾನವೆಂದರೆ ತನ್ನ ಸ್ವತ್ವವನ್ನು ಬಿಟ್ಟು ಇನ್ನೊಬ್ಬನ ಸ್ವತ್ವವನ್ನು ಉಂಟುಮಾಡುವುದು. ತನ್ನದಲ್ಲದ್ದನ್ನು ಯಾರೂ ದಾನ ಮಾಡಲಾರರು. ಅಂದರೆ ಕೊಡುವ ಧರ್ಮಕ್ಕೆ ಒಡೆತನವೇ ಬುನಾದಿ. ವಿದ್ಯುತ್ ಪಿಕಪ್ ಈ ವಿಷಯದಲ್ಲಿ ಹಿಂದಿನ ಯಾವ ವಾಹನಕ್ಕಿಂತಲೂ ದೊಡ್ಡದು. ಲೈಟ್ನಿಂಗ್‌ನ ಪ್ಲಗ್ಗುಗಳಿಂದ 9.6 ಕಿಲೋವ್ಯಾಟ್‌ವರೆಗೆ ವಿದ್ಯುತ್ ತೆಗೆಯಬಹುದು. ದಿನಕ್ಕೆ 30 ಕಿಲೋವ್ಯಾಟ್ ಅವರ್ ಬಳಸುವ ಮನೆಯನ್ನು, ಸೂಕ್ತ ಉಪಕರಣ ಹಾಕಿಸಿದ್ದರೆ, ಮೂರು ದಿನ ನಡೆಸಬಹುದೆಂದು ಫೋರ್ಡ್ ಹೇಳಿದೆ. 2024ರ ಜುಲೈನಲ್ಲಿ ಬೆರಿಲ್ ಚಂಡಮಾರುತ ಟೆಕ್ಸಸ್‌ಗೆ ಅಪ್ಪಳಿಸಿ ಹ್ಯೂಸ್ಟನ್ ಸುತ್ತಮುತ್ತ 20 ಲಕ್ಷಕ್ಕೂ ಹೆಚ್ಚು ಸಂಪರ್ಕಗಳಿಗೆ ವಿದ್ಯುತ್ ಹೋದಾಗ, ಇಂಥ ಟ್ರಕ್ಕುಗಳಿಂದ ಫ್ರಿಜ್ಜು, ಫ್ಯಾನು, ಎ.ಸಿ. ನಡೆಸಿದ ಮನೆಗಳಿದ್ದವು. 2022ರಲ್ಲಿ ಆಸ್ಟಿನ್‌ನ ಒಬ್ಬ ಮೂತ್ರರೋಗ ವೈದ್ಯರು, ಕ್ಲಿನಿಕ್ಕಿನಲ್ಲಿ ಕರೆಂಟ್ ಹೋದಾಗ, ರೋಗಿಯ ಒಪ್ಪಿಗೆ ಪಡೆದು, ತಮ್ಮ ರಿವಿಯನ್ ಪಿಕಪ್ಪಿನಿಂದ ತಂತಿ ಎಳೆದು ಸಂತಾನಹರಣ ಶಸ್ತ್ರಚಿಕಿತ್ಸೆಯನ್ನು ಮುಗಿಸಿದರು.

ಬಸವಣ್ಣನ ಕಾಲದ ಶರಣರು ಕಾಯಕದಿಂದ ಬಂದದ್ದನ್ನು ದಾಸೋಹಕ್ಕೆ ಸಲ್ಲಿಸಬೇಕೆಂದರು. ಕಾಯಕ ತನ್ನದಾಗಿದ್ದಾಗಲೇ ದಾಸೋಹಕ್ಕೆ ಅರ್ಥ. ವಿಜ್ಞಾನೇಶ್ವರ ಒಡೆತನದ ತರ್ಕ ಬರೆದ ಊರಿನಲ್ಲೇ, ಮುಂದಿನ ಒಂದು ಶತಮಾನ ಕಳೆಯುವುದರೊಳಗೆ, ಶರಣರು ಆ ಒಡೆತನ ಯಾವುದಕ್ಕಾಗಿ ಎಂಬುದನ್ನು ಬಾಳಿ ತೋರಿಸಿದರು. ನೆರೆಮನೆಯ ವೃದ್ಧರ ಆಮ್ಲಜನಕದ ಯಂತ್ರಕ್ಕೆ ತನ್ನ ಗಾಡಿಯಿಂದ ತಂತಿ ಎಳೆಯುವವನು ಕಂಪನಿಯ ಅಪ್ಪಣೆಗೆ ಕಾಯುವಂತಾದರೆ, ಅವನಿಂದ ವಿದ್ಯುತ್ತಿಗಿಂತ ಹೆಚ್ಚಿನದನ್ನು, ಕೊಡುವ ಯೋಗ್ಯತೆಯನ್ನೇ, ಕಸಿದಂತಾಗುತ್ತದೆ.

ಒಡೆತನದ ಬಗ್ಗೆ ಗಂಭೀರವಾಗಿ ಯೋಚಿಸಿದ ಇನ್ನೊಂದು ಧಾರ್ಮಿಕ ಸಮುದಾಯ ಅಮೆರಿಕದಲ್ಲೇ ಇದೆ. ಪೆನ್ಸಿಲ್ವೇನಿಯಾದ ಲ್ಯಾಂಕಾಸ್ಟರ್, ಒಹಾಯೊದ ಹೋಮ್ಸ್ ಮುಂತಾದ ಕೌಂಟಿಗಳಲ್ಲಿ ಬದುಕುವ ಹಳೆಯ ಪದ್ಧತಿಯ ಆಮಿಷ್ ಕ್ರೈಸ್ತರು ಕಾರು ಇಟ್ಟುಕೊಳ್ಳುವುದಿಲ್ಲ. ಆದರೆ ಅಗತ್ಯ ಬಿದ್ದಾಗ ಬೇರೆಯವರು ಓಡಿಸುವ ಬಾಡಿಗೆ ವ್ಯಾನಿನಲ್ಲಿ ಕೂರುತ್ತಾರೆ. ಹೊರಗಿನವರು ಇದನ್ನು ವಿರೋಧಾಭಾಸ ಎನ್ನುವುದುಂಟು. ಅವರ ವಿವೇಕ ಆಳವಾದದ್ದು. ವಸ್ತುವನ್ನು ಬಳಸುವುದೇ ಬೇರೆ, ಒಡೆಯನಾಗುವುದೇ ಬೇರೆ. ಕಾರಿನ ಒಡೆತನ ಮನೆಮನೆಗೂ ಬಂದರೆ ಜನ ದೂರ ದೂರ ಚೆದುರುತ್ತಾರೆ, ನೆರೆಹೊರೆಯ ಆಸರೆ ತಪ್ಪುತ್ತದೆ ಎಂದು ಅವರು ಕಂಡುಕೊಂಡರು. ಪ್ರತಿ ಹೊಸ ಸಾಧನದ ಬಗ್ಗೆಯೂ ಅವರ ಸಭೆ ಚರ್ಚಿಸುತ್ತದೆ. ಹೋಮ್ಸ್ ಕೌಂಟಿಯ ಕೆಲವು ಸಭೆಗಳು ವಿದ್ಯುತ್ ಸೈಕಲ್ಲಿಗೆ ಒಪ್ಪಿಗೆ ಕೊಟ್ಟಿವೆ. ಸೌರಫಲಕದಿಂದ ಅದನ್ನು ಚಾರ್ಜ್ ಮಾಡಿಕೊಳ್ಳುವವರಿದ್ದಾರೆ. ತೀರ್ಮಾನ ಏನೇ ಇರಲಿ, ಅದನ್ನು ಮಾಡುವವರು ಅದರ ಫಲ ಉಣ್ಣುವವರೇ. ಪಿಕಪ್ ಮಾಲೀಕರಿಗೆ ಸಿಗದೆ ಹೋಗಿರುವುದು ಇದೇ ಅಧಿಕಾರ.

ಅಮೆರಿಕದಲ್ಲಿ ನೆಲೆಸಿದ ಕನ್ನಡಿಗರ ಮನೆಗಳಲ್ಲಿ ಒಡೆತನಕ್ಕೆ ಇನ್ನೊಂದು ಮುಖವಿದೆ. ಹೊಸ ವಾಹನ ಬಂದರೆ ದೇವಸ್ಥಾನಕ್ಕೆ ಒಯ್ದು ಪೂಜೆ ಮಾಡಿಸುತ್ತಾರೆ. ಕ್ಯಾಲಿಫೋರ್ನಿಯಾದ ಲಿವರ್‌ಮೋರ್‌ನ ಶಿವ-ವಿಷ್ಣು ದೇವಾಲಯದಂಥ ಕಡೆ ವಾಹನ ಪೂಜೆಯ ಸೇವೆಯೇ ಇದೆ. ಆಯುಧಪೂಜೆಯ ದಿನ ಗಾಡಿ ತೊಳೆದು, ಅರಿಶಿನ ಕುಂಕುಮ ಇಟ್ಟು, ಚಕ್ರದಡಿ ನಿಂಬೆಹಣ್ಣು ಇಡುತ್ತಾರೆ. ಹೊಗೆ ಕೊಳವೆಯಿಲ್ಲದ ಗಾಡಿಗೂ ಅದೇ ಕ್ರಮ. ಆ ಪೂಜೆ ಮಾಲೀಕನಿಗೆ ಹೇಳುವುದು ಇಷ್ಟು: ಇದು ನಿನ್ನ ಕೈಯಲ್ಲಿದೆ, ಆದರೆ ನಿನ್ನ ಚಪಲಕ್ಕೆ ಸಿಕ್ಕ ಆಟಿಕೆ ಅಲ್ಲ. ಒಡೆತನದ ಜೊತೆಗೇ ಸಂಕೋಚವನ್ನೂ ಅದು ಕಲಿಸುತ್ತದೆ.

ಆ ಸಂಕೋಚ ವಿದ್ಯುತ್ ಪಿಕಪ್ಪಿನ ಮಾಲೀಕನಿಗೆ ನಿಜವಾಗಿಯೂ ಬೇಕು. ಹಮ್ಮರ್ ಇವಿ 9,000 ಪೌಂಡಿಗೂ ಹೆಚ್ಚು, ಅಂದರೆ ನಾಲ್ಕು ಟನ್ನಿಗೂ ಮಿಗಿಲು ತೂಗುತ್ತದೆ. ಅದರ ಬ್ಯಾಟರಿಯೊಂದೇ ಒಂದು ಸಣ್ಣ ಕಾರಿನಷ್ಟು ಭಾರ. 2023ರ ಜನವರಿಯಲ್ಲಿ ಅಮೆರಿಕದ ರಾಷ್ಟ್ರೀಯ ಸಾರಿಗೆ ಸುರಕ್ಷತಾ ಮಂಡಳಿಯ ಅಧ್ಯಕ್ಷೆ ಜೆನಿಫರ್ ಹೊಮೆಂಡಿ ಈ ತೂಕದಿಂದ ಬೇರೆ ವಾಹನದವರಿಗೆ ಇರುವ ಅಪಾಯದ ಬಗ್ಗೆ ಎಚ್ಚರಿಸಿದರು. ನೆಬ್ರಾಸ್ಕಾ ವಿಶ್ವವಿದ್ಯಾಲಯದ ಪರೀಕ್ಷೆಯೊಂದರಲ್ಲಿ ಗಂಟೆಗೆ ಸುಮಾರು 60 ಮೈಲಿ ವೇಗದಲ್ಲಿ ಬಂದ ರಿವಿಯನ್ ಪಿಕಪ್ ರಸ್ತೆ ಬದಿಯ ಉಕ್ಕಿನ ತಡೆಬೇಲಿಯನ್ನು ಸೀಳಿಕೊಂಡು ಆಚೆ ಹೋಯಿತು. ಇಂಥ ಗಾಡಿಯನ್ನು ಇನ್ನಷ್ಟು ಎತ್ತರಿಸಿ, ಮುಂದೆ ಕಬ್ಬಿಣದ ಬಂಪರ್ ಕಟ್ಟಿ, ಚಾಲಕನ ಕಣ್ಣಿಗೆ ರಸ್ತೆ ದಾಟುವ ಮಗುವೇ ಕಾಣದಂತೆ ಮಾಡುವವನು ‘ನನ್ನ ಗಾಡಿ, ನನ್ನಿಷ್ಟ’ ಎನ್ನಲಾಗದು.

ಗಾಡಿಯ ಹುಟ್ಟಿನಲ್ಲೂ ಋಣವಿದೆ. ನೆವಾಡಾದ ಉತ್ತರದಲ್ಲಿರುವ ಥ್ಯಾಕರ್ ಪಾಸ್‌ನಲ್ಲಿ ದೊಡ್ಡ ಲಿಥಿಯಂ ಗಣಿ ಏಳುತ್ತಿದೆ. ಹಮ್ಮರ್ ತಯಾರಿಸುವ ಜನರಲ್ ಮೋಟಾರ್ಸ್ 2023ರ ಜನವರಿಯಲ್ಲಿ ಅದಕ್ಕೆ 65 ಕೋಟಿ ಡಾಲರ್ ಹೂಡುವುದಾಗಿ ಘೋಷಿಸಿತು. ಅಲ್ಲಿನ ಪೈಯೂಟ್ ಮತ್ತು ಶೊಶೋನಿ ಮೂಲನಿವಾಸಿಗಳಿಗೆ ಅದು ಪವಿತ್ರ ನೆಲ. 1865ರಲ್ಲಿ ಸೈನಿಕರು ತಮ್ಮ ಪೂರ್ವಜರನ್ನು ಕೊಂದ ಜಾಗ ಅದು ಎಂದು ಅವರು ಹೇಳುತ್ತಾರೆ. ಗಣಿ ನಿಲ್ಲಿಸಲು ಅವರು ಹೂಡಿದ ಹೋರಾಟಕ್ಕೆ ನ್ಯಾಯಾಲಯಗಳಲ್ಲಿ ಜಯ ಸಿಗಲಿಲ್ಲ. ಆ ನೆಲದ ಮೇಲೆ ಅವರಿಗೆ ಇದ್ದದ್ದು ಕಾಗದದಲ್ಲಿ ಬರೆಯದ, ತಲೆಮಾರುಗಳ ಬದುಕಿನಿಂದ ಬಂದ ಸಂಬಂಧ. ತನ್ನ ಗಾಡಿಯ ವಿಷಯದಲ್ಲಿ ಬರಹಕ್ಕಿಂತ ಬದುಕು ದೊಡ್ಡದು ಎನ್ನುವ ಮಾಲೀಕ ಅವರ ವಿಷಯದಲ್ಲೂ ಅದನ್ನೇ ಹೇಳಬೇಕಾಗುತ್ತದೆ. ತರ್ಕ ತನಗೊಂದು, ಪರರಿಗೊಂದು ಆಗಬಾರದು.

ಕಂಪನಿಗಳ ವಾದದಲ್ಲೂ ಹುರುಳಿದೆ. ಬ್ರೇಕು, ಸ್ಟೀರಿಂಗು, ಬ್ಯಾಟರಿಯ ಉಷ್ಣ ನಿಯಂತ್ರಣ, ಇವುಗಳ ಸಾಫ್ಟ್‌ವೇರಿನಲ್ಲಿ ಅರೆಬರೆ ತಿಳಿದವನು ಕೈಯಾಡಿಸಿದರೆ ಸಾಯುವವರು ದಾರಿಹೋಕರು. ಆ ಬೀಗಗಳು ಇರಲಿ. ಅವು ಕಿತ್ತಳೆ ಕೇಬಲ್ಲಿನ ಜಾತಿಯವು. ಅಪಾಯ ಏನೆಂದು ತಿಳಿಸಿ, ಕಲಿತ ಮೆಕ್ಯಾನಿಕ್ಕಿಗೆ ದಾರಿ ಬಿಟ್ಟರೆ ಸಾಕು. ಆಗಲೇ ಕೂರಿಸಿರುವ ಬ್ಯಾಟರಿಯನ್ನು ಮುಚ್ಚಿಡುವ, ಆಗಲೇ ಇರುವ ಮೋಟಾರಿನ ಶಕ್ತಿಯನ್ನು ಮತ್ತೊಮ್ಮೆ ಮಾರುವ ಬೀಗಗಳಿಗೆ ಈ ಸಮರ್ಥನೆ ಸಿಗುವುದಿಲ್ಲ. ಮ್ಯಾಸಚೂಸೆಟ್ಸ್ ರಾಜ್ಯದ ಮತದಾರರು 2020ರಲ್ಲಿ ಈ ಅಂತರವನ್ನು ಗುರುತಿಸಿದರು. ವಾಹನ ದೂರದ ಸರ್ವರಿಗೆ ಕಳಿಸುವ ರಿಪೇರಿ ಮಾಹಿತಿ ಮಾಲೀಕನಿಗೂ ಅವನು ನಂಬಿದ ಗ್ಯಾರೇಜಿಗೂ ಸಿಗಬೇಕೆಂಬ ಕಾನೂನಿಗೆ ನಾಲ್ವರಲ್ಲಿ ಮೂವರು ಮತ ಹಾಕಿದರು.

ಹೊಣೆ ಕೊನೆಗೆ ಯಾರ ಮೇಲೆ ಬೀಳುತ್ತದೆ ಎಂಬುದನ್ನು ಫಿಸ್ಕರ್ ಕಂಪನಿಯ ಕಥೆ ತೋರಿಸಿತು. 2024ರ ಜೂನ್‌ನಲ್ಲಿ ಆ ವಿದ್ಯುತ್ ಕಾರು ಕಂಪನಿ ದಿವಾಳಿ ಅರ್ಜಿ ಹಾಕಿತು. ಓಷನ್ ಕಾರು ಕೊಂಡಿದ್ದವರು ಬಿಡಿಭಾಗವಿಲ್ಲದೆ, ಸಾಫ್ಟ್‌ವೇರ್ ಪರಿಷ್ಕರಣೆಯ ಭರವಸೆಯಿಲ್ಲದೆ ನಡುನೀರಿನಲ್ಲಿ ಉಳಿದರು. ಅವರೇ ಸಂಘ ಕಟ್ಟಿಕೊಂಡು ಬಿಡಿಭಾಗ ಹುಡುಕಿದರು, ಸಾಫ್ಟ್‌ವೇರ್ ನಡೆಸುವ ದಾರಿ ಹುಡುಕಿದರು. ಪರವಾನಗಿ ಕೊಟ್ಟವರು ಹೊರಟುಹೋದ ಮೇಲೂ ಉಳಿದವರು ಮಾಲೀಕರು. ಲೈಟ್ನಿಂಗ್‌ನ ಈಗಿನ ರೂಪದ ತಯಾರಿಕೆಯನ್ನು ಕೊನೆಗೊಳಿಸುವುದಾಗಿ ಫೋರ್ಡ್ 2025ರ ಡಿಸೆಂಬರ್‌ನಲ್ಲಿ ಪ್ರಕಟಿಸಿದೆ. ಆ ಗಾಡಿಗಳು ಇನ್ನೂ ಹಲವು ವರ್ಷ ರಸ್ತೆಯ ಮೇಲಿರುತ್ತವೆ.

ನಮ್ಮ ಊರುಗಳಲ್ಲೂ ತರಕಾರಿ, ನೀರಿನ ಕ್ಯಾನು, ಗ್ಯಾಸ್ ಸಿಲಿಂಡರ್ ಹೊತ್ತ ಸಣ್ಣ ವಿದ್ಯುತ್ ಗೂಡ್ಸ್ ಗಾಡಿಗಳು ಓಡಾಡುತ್ತಿವೆ. ಮಾರ್ಪಾಡಿನ ವಿಷಯದಲ್ಲಿ ಭಾರತದ ಕಾನೂನು ಬಿಗಿಯಾಗಿದೆ. ಮೋಟಾರು ವಾಹನ ಕಾಯ್ದೆಯ 52ನೆಯ ಕಲಮಿನಡಿ ತಯಾರಕರ ಮೂಲ ವಿವರಕ್ಕೆ ಭಿನ್ನವಾಗುವಂತೆ ವಾಹನ ಬದಲಿಸಬಾರದೆಂದು ಸುಪ್ರೀಂ ಕೋರ್ಟ್ 2019ರ ಜನವರಿಯಲ್ಲಿ ಹೇಳಿದೆ. ರಸ್ತೆಯ ಮೇಲಿನ ಇತರರ ಪ್ರಾಣದ ದೃಷ್ಟಿಯಿಂದ ಅದು ಸರಿ. ಆದರೆ ರಿಪೇರಿಯ ಹಕ್ಕು ಬೇರೆ ವಿಷಯ. ಕೇಂದ್ರದ ಗ್ರಾಹಕ ವ್ಯವಹಾರಗಳ ಇಲಾಖೆ 2022ರಲ್ಲಿ ಅದಕ್ಕಾಗಿ ಸಮಿತಿ ರಚಿಸಿ, ಅದೇ ಡಿಸೆಂಬರ್‌ನಲ್ಲಿ ಜಾಲತಾಣವೊಂದನ್ನೂ ತೆರೆಯಿತು. ವಾಹನ ಮತ್ತು ಕೃಷಿ ಯಂತ್ರಗಳು ಅದರ ವ್ಯಾಪ್ತಿಯಲ್ಲಿವೆ. ಜಾಲತಾಣದಿಂದ ಅದು ಕಾನೂನಿನ ಬಲಕ್ಕೆ ಏರಬೇಕು.

ವಿದ್ಯುತ್ ಗಾಡಿ ಕೊಳ್ಳಲು ಶೋರೂಮಿಗೆ ಹೋಗುವ ಓದುಗರು ಮೈಲೇಜ್ ಕೇಳುವ ಜೊತೆಗೆ ಇನ್ನೂ ಮೂರು ಪ್ರಶ್ನೆ ಕೇಳಲಿ. ಈ ಗಾಡಿಯಲ್ಲಿ ಬೀಗ ಹಾಕಿಟ್ಟ ಭಾಗ ಏನಾದರೂ ಇದೆಯೇ? ದೋಷ ತಿಳಿಯುವ ಮಾಹಿತಿ ನಮ್ಮೂರ ಮೆಕ್ಯಾನಿಕ್ಕಿಗೆ ಸಿಗುತ್ತದೆಯೇ? ಕಂಪನಿ ಮುಚ್ಚಿದರೆ ಇದರ ಸಾಫ್ಟ್‌ವೇರ್ ಯಾರು ನೋಡಿಕೊಳ್ಳುತ್ತಾರೆ? ಉತ್ತರವನ್ನು ಬರವಣಿಗೆಯಲ್ಲಿ ಪಡೆದು ಗಾಡಿಯ ಕಾಗದಪತ್ರದ ಜೊತೆಗೇ ಇಟ್ಟುಕೊಳ್ಳಿ.